ಕಾಣುವ ಮಾತು, ಕಾಣದ ಪ್ರತ್ಯಯ: ಎಂಜಿನಿಯರಿಂಗ್ ತರಗತಿಯ ಭಾಷೆ ಮತ್ತು ಕಿವುಡ ವಿದ್ಯಾರ್ಥಿ

1. ಪೀಠಿಕೆ

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಠ್ಯಪುಸ್ತಕದ ಭಾಷೆ ಸಾಮಾನ್ಯವಾಗಿ ಇಂಗ್ಲಿಷ್. ಪ್ರಶ್ನೆಪತ್ರಿಕೆಯದೂ ಉತ್ತರಪತ್ರಿಕೆಯದೂ ಅದೇ. ವಿವರಣೆಯ ಭಾಷೆ ಮಾತ್ರ ಅನೇಕ ಕಡೆ ಅದಲ್ಲ. ಹಲಗೆಯ ಮೇಲೆ ಒಂದು ವಿದ್ಯುನ್ಮಂಡಲವನ್ನು ಬರೆದು ಅದನ್ನು ಬಿಡಿಸಿ ಹೇಳುವ ಅಧ್ಯಾಪಕರ ಬಾಯಲ್ಲಿ ಬರುವುದು ಹೆಚ್ಚುಕಡಿಮೆ ಇಂಥ ವಾಕ್ಯ:

‘ಈ ನೋಡ್‌ನಿಂದ ಕರೆಂಟು ಆ ನೋಡ್‌ಗೆ ಹೋಗತ್ತೆ, ಇದನ್ನ ಇಲ್ಲಿ ಗ್ರೌಂಡ್ ಮಾಡಿದ್ರೆ ಇದು ಜೀರೋ ಆಗತ್ತೆ, ನೋಡಿ.’

ಈ ವಾಕ್ಯವನ್ನು ನಾವು ಉದಾಹರಣೆಗಾಗಿ ರಚಿಸಿಕೊಂಡಿದ್ದೇವೆ. ಆದರೆ ಇಂಥದ್ದನ್ನು ಕೇಳದೆ ನಮ್ಮಲ್ಲಿ ಎಂಜಿನಿಯರಿಂಗ್ ಓದಿದವರು ವಿರಳ. ಕೇಳುವ ವಿದ್ಯಾರ್ಥಿಗೆ ಇದರಲ್ಲಿ ತೊಡಕೇನೂ ಇಲ್ಲ. ಕಿವಿ ವಾಕ್ಯವನ್ನು ಹಿಡಿಯುತ್ತದೆ, ಕಣ್ಣು ಅಧ್ಯಾಪಕರ ಬೆರಳನ್ನು ಹಿಂಬಾಲಿಸುತ್ತದೆ, ಎರಡೂ ಸೇರಿ ಅರ್ಥವಾಗುತ್ತದೆ. ಇದೇ ವಾಕ್ಯ ಕಿವುಡ ಅಥವಾ ಮಂದಶ್ರವಣದ ವಿದ್ಯಾರ್ಥಿಯನ್ನು ತಲಪುವಾಗ ಏನಾಗುತ್ತದೆ ಎಂಬುದನ್ನು ಭಾಷಾವಿಜ್ಞಾನದ ನೆಲೆಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕ್ಷೇತ್ರಕಾರ್ಯದ ವರದಿಯಲ್ಲ. ಧ್ವನಿವಿಜ್ಞಾನ, ವ್ಯಾಕರಣ ಮತ್ತು ಸಂಜ್ಞಾಭಾಷಾ ಅಧ್ಯಯನಗಳಲ್ಲಿ ಈಗಾಗಲೇ ತಿಳಿದಿರುವ ಸಂಗತಿಗಳನ್ನು ಒಂದು ತರಗತಿಯ ಸನ್ನಿವೇಶಕ್ಕೆ ಅನ್ವಯಿಸಿ ನೋಡುವ ಪ್ರಯತ್ನ. ನಮ್ಮ ವಾದವಿಷ್ಟು: ಎಂಜಿನಿಯರಿಂಗ್ ತರಗತಿಯಲ್ಲಿ ಕಿವುಡ ವಿದ್ಯಾರ್ಥಿ ಕಳೆದುಕೊಳ್ಳುವುದು ‘ಸ್ವಲ್ಪ ಮಾತ’ನ್ನಲ್ಲ, ವಾಕ್ಯದಲ್ಲಿ ವಿಷಯದ ಭಾರವನ್ನು ಹೊತ್ತ ಅಂಶಗಳನ್ನೇ. ಹೀಗಾಗಿ ಭಾಷಿಕವಾದ ತಪ್ಪು ಪರಿಕಲ್ಪನೆಯ ತಪ್ಪಾಗಿ ಅಂಕಪಟ್ಟಿಯನ್ನು ಸೇರುತ್ತದೆ.

ಪದಬಳಕೆಯ ಬಗ್ಗೆ ಒಂದು ಮಾತು. ಸರ್ಕಾರಿ ಬರೆಹಗಳಲ್ಲಿ ‘ಶ್ರವಣದೋಷವುಳ್ಳವರು’ ಎಂಬ ಪ್ರಯೋಗ ರೂಢಿಯಲ್ಲಿದೆ. ಸಂಜ್ಞಾಭಾಷೆಯನ್ನಾಡುವವರನ್ನು ಒಂದು ಭಾಷಾಸಮುದಾಯವೆಂದು ಕಾಣುವ ಅಧ್ಯಯನಗಳ ಮಾದರಿಯಲ್ಲಿ ನಾವು ‘ಕಿವುಡ’ ಎಂಬ ಪದವನ್ನೇ ಉಳಿಸಿಕೊಂಡಿದ್ದೇವೆ, ಅದರಲ್ಲಿ ಹೀನಾರ್ಥವಿಲ್ಲ.

2. ತುಟಿಗೆ ಕಾಣುವ ಧ್ವನಿಮಾಗಳು

ತುಟಿಯನ್ನು ನೋಡಿ ಮಾತನ್ನು ಗ್ರಹಿಸುವಾಗ ಒಂದೇ ಬಗೆಯಾಗಿ ಕಾಣುವ ಧ್ವನಿಗಳ ಗುಂಪಿಗೆ 1968ರಲ್ಲಿ ಫಿಶರ್ ‘ವೈಸೀಮ್’ ಎಂಬ ಹೆಸರಿಟ್ಟರು. ಧ್ವನಿಮಾ, ಆಕೃತಿಮಾಗಳ ಸಾಲಿಗೆ ಹೊಂದುವಂತೆ ಇದನ್ನು ‘ದೃಶ್ಯಮಾ’ ಎಂದು ಕರೆಯಬಹುದು. ಧ್ವನಿಮಾಗಳಿಗಿಂತ ದೃಶ್ಯಮಾಗಳ ಸಂಖ್ಯೆ ಎಲ್ಲ ಭಾಷೆಗಳಲ್ಲೂ ಬಹಳ ಕಡಿಮೆ. ಘೋಷ-ಅಘೋಷ ಭೇದ ಹುಟ್ಟುವುದು ಗಂಟಲಲ್ಲಿ, ಅನುನಾಸಿಕ ಭೇದ ಹುಟ್ಟುವುದು ಕಿರುನಾಲಗೆಯ ಬಳಿ. ಎರಡೂ ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಪ, ಬ, ಮ ಮೂರೂ ಒಂದೇ ದೃಶ್ಯಮಾ. ಕನ್ನಡದ ದಂತ್ಯ-ಮೂರ್ಧನ್ಯ ಭೇದವೂ ಬಾಯೊಳಗೇ ಮುಗಿದುಹೋಗುವುದರಿಂದ ತ-ಟ, ನ-ಣ, ಲ-ಳ ಜೋಡಿಗಳು ತುಟಿಯೋದಿಗೆ ಬೇರ್ಪಡುವುದು ಕಷ್ಟ. ಕ, ಗ, ಙ ಇನ್ನೂ ಹಿಂದಕ್ಕೆ ಸರಿದಿವೆ. ಅವುಗಳ ಉಚ್ಚಾರಣೆ ಬಹುಪಾಲು ಕಾಣುವುದೇ ಇಲ್ಲ. ಮಹಾಪ್ರಾಣಗಳು ಕಾಣದಿದ್ದರೂ ನಷ್ಟ ಹೆಚ್ಚಿಲ್ಲ, ಏಕೆಂದರೆ ಆಡುಗನ್ನಡದ ಹಲವು ಪ್ರಭೇದಗಳು ಅವನ್ನು ಈಗಾಗಲೇ ಕೈಬಿಟ್ಟಿವೆ.

ಸಾಮಾನ್ಯ ಮಾತುಕತೆಯಲ್ಲಿ ಈ ಕೊರತೆಯನ್ನು ಸಂದರ್ಭ ತುಂಬಿಕೊಡುತ್ತದೆ. ಊಟದ ಮನೆಯಲ್ಲಿ ‘ಪಲ್ಯ’ವನ್ನು ‘ಬಲ್ಯ’ ಎಂದು ಯಾರೂ ಓದಿಕೊಳ್ಳುವುದಿಲ್ಲ, ಅಂಥ ಪದವಿಲ್ಲ. ಎಂಜಿನಿಯರಿಂಗ್ ತರಗತಿಯಲ್ಲಿ ಪರಿಸ್ಥಿತಿ ಹಾಗಿಲ್ಲ. ಅಲ್ಲಿನ ಪಾರಿಭಾಷಿಕ ಪದಗಳಲ್ಲಿ ಹಲವು ಇಂಗ್ಲಿಷಿನ ಏಕಾಕ್ಷರಿಗಳು, ಅವುಗಳಲ್ಲಿ ಒಂದೇ ದೃಶ್ಯಮಾಸರಣಿಯ ಪದಗಳು ಒಂದೇ ಪಾಠದಲ್ಲಿ ಜೊತೆಜೊತೆಯಾಗಿ ಬರುತ್ತವೆ. ಪ್ಯಾಚ್, ಬ್ಯಾಚ್, ಮ್ಯಾಚ್. ಬಿಟ್, ಪಿಟ್, ಮಿಡ್. ಪೋಲ್, ಮೋಲ್, ಬೋಲ್ಟ್‌ನ ಮೊದಲ ಭಾಗ. ನಮ್ಮ ಉದಾಹರಣೆಯ ‘ನೋಡ್’ ಪದವನ್ನು ತೆಗೆದುಕೊಳ್ಳಿ. ಅದರ ಪಕ್ಕದಲ್ಲೇ ‘ಲೋಡ್’ ಇದೆ; ಎರಡರಲ್ಲೂ ನಾಲಗೆಯ ತುದಿ ಮೇಲಕ್ಕೇರುತ್ತದೆ, ತುಟಿ ದುಂಡಾಗುತ್ತದೆ. ಇದಕ್ಕಿಂತ ವಿಚಿತ್ರವಾದದ್ದು, ಅದೇ ವಾಕ್ಯದ ಕೊನೆಯಲ್ಲಿ ಕನ್ನಡದ್ದೇ ಆದ ‘ನೋಡಿ’ ಕುಳಿತಿದೆ. ಇಂಗ್ಲಿಷ್ ನಾಮಪದ ಯಾವುದು, ಕನ್ನಡ ಕ್ರಿಯಾಪದ ಯಾವುದು ಎಂದು ತುಟಿ ಹೇಳುವುದಿಲ್ಲ. ತುಟಿಯೋದು ಬಹುಮಟ್ಟಿಗೆ ಊಹೆಯ ಕೆಲಸ. ಮುಂದೆ ಬರುವ ಪದ ಯಾವ ಭಾಷೆಯದೆಂಬುದೇ ತಿಳಿಯದಾಗ ಊಹೆಗೆ ಆಧಾರವೂ ಉಳಿಯುವುದಿಲ್ಲ. ಭಾಷಾಮಿಶ್ರಣದ ಅಧ್ಯಯನಗಳಲ್ಲಿ ಆಡುವವನ ಅನುಕೂಲದ ಬಗ್ಗೆ ಬರೆದಷ್ಟು ಗ್ರಹಿಸುವವನ ಹೊರೆಯ ಬಗ್ಗೆ ನಾವು ಬರೆದಿಲ್ಲವೆಂದೇ ಹೇಳಬೇಕು.

ಶ್ರವಣಯಂತ್ರವಿದೆಯಲ್ಲ ಎಂಬ ಪ್ರಶ್ನೆ ಸಹಜ. ಯಂತ್ರ ಧ್ವನಿಯನ್ನು ಹೆಚ್ಚಿಸುತ್ತದೆ. ಮಾತನ್ನು ಗದ್ದಲದಿಂದ ಬೇರ್ಪಡಿಸುವ ಅದರ ಶಕ್ತಿಗೆ ಮಿತಿಯಿದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಧ್ವನಿಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಅಂದರೆ ಒಂದು ಮೀಟರ್ ದೂರದಲ್ಲಿರುವವನಿಗಿಂತ 8 ಮೀಟರ್ ದೂರದ ಬೆಂಚಿನವನಿಗೆ ಅದು 18 ಡೆಸಿಬೆಲ್ ಕಡಿಮೆ. ಕೋಣೆಯೊಳಗೆ ಗೋಡೆಯ ಪ್ರತಿಫಲನ ಈ ಇಳಿಕೆಯನ್ನು ತುಸು ತಗ್ಗಿಸಿದರೂ ಮಾತನ್ನು ಮಸುಕುಗೊಳಿಸುತ್ತದೆ. ಲೇತ್‌ಗಳು ತಿರುಗುತ್ತಿರುವ ವರ್ಕ್‌ಶಾಪಿನಲ್ಲಂತೂ ಯಂತ್ರದ ಸದ್ದೂ ಮಾತಿನೊಡನೆ ದೊಡ್ಡದಾಗುತ್ತದೆ.

3. ವಿಭಕ್ತಿಯಲ್ಲಿ ಅಡಗಿದ ದಿಕ್ಕು

ಉದಾಹರಣೆಯ ವಾಕ್ಯದಲ್ಲಿ ವಿದ್ಯುತ್ತು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದು ಮುಖ್ಯ ವಿಷಯ. ಆ ಮಾಹಿತಿ ಇರುವುದು ಎರಡು ಪ್ರತ್ಯಯಗಳಲ್ಲಿ: ‘-ಇಂದ’ ಮತ್ತು ‘-ಗೆ’. ಕನ್ನಡದಲ್ಲಿ ಪದಕ್ರಮ ಸಡಿಲವಾದ್ದರಿಂದ ‘ಆ ನೋಡ್‌ಗೆ ಈ ನೋಡ್‌ನಿಂದ’ ಎಂದರೂ ಅರ್ಥ ಅದೇ. ಪ್ರತ್ಯಯ ತಪ್ಪಿದರೆ ದಿಕ್ಕು ತಪ್ಪುತ್ತದೆ. ದಿಕ್ಕು ತಪ್ಪಿದರೆ ಸಮೀಕರಣದಲ್ಲಿ ಚಿಹ್ನೆ ತಪ್ಪುತ್ತದೆ.

ಈ ಪ್ರತ್ಯಯಗಳು ಕಿವಿಗೂ ತುಟಿಗೂ ಅತ್ಯಂತ ದುರ್ಬಲವಾದ ಸ್ಥಾನದಲ್ಲಿವೆ. ಅವು ಪದಾಂತ್ಯದಲ್ಲಿ, ಒತ್ತು ಇಲ್ಲದ ಉಚ್ಚಾರಾಂಶಗಳಲ್ಲಿ ಬರುತ್ತವೆ. ವೇಗದ ಮಾತಿನಲ್ಲಿ ಸವೆಯುತ್ತವೆ. ‘-ಗೆ’ ಕಂಠ್ಯವಾದ್ದರಿಂದ ತುಟಿಯಲ್ಲಿ ಕಾಣುವುದು ಹಿಂದಿನ ವ್ಯಂಜನದ ಬಳಿಕ ಬಾಯಿ ಕೊಂಚ ತೆರೆದದ್ದು ಮಾತ್ರ. ‘-ಇಂದ’, ‘-ಅಲ್ಲಿ’, ‘-ಅನ್ನ’ ಮೂರರಲ್ಲೂ ವ್ಯಂಜನಗಳು ನಾಲಗೆಯ ಮುಂಭಾಗದವು. ತುಟಿಯೋದುವವರಿಗೆ ಮೂರೂ ಹೆಚ್ಚುಕಡಿಮೆ ಒಂದೇ. ವೈಯಾಕರಣರು ತೃತೀಯೆಗೂ ಪಂಚಮಿಗೂ ಹಂಚಿಹೋದ ‘-ಇಂದ’ದ ಬಗ್ಗೆ ತಲೆಮಾರುಗಳಿಂದ ಚರ್ಚಿಸಿದ್ದಾರೆ. ತುಟಿಯ ವ್ಯಾಕರಣದಲ್ಲಿ ದ್ವಿತೀಯೆಯಿಂದ ಸಪ್ತಮಿಯವರೆಗೆ ಬಹುತೇಕ ಒಂದೇ ವಿಭಕ್ತಿ.

ಇಂಗ್ಲಿಷಿನಲ್ಲೇ ಪಾಠ ನಡೆದರೆ ಸಮಸ್ಯೆ ಬಗೆಹರಿಯುತ್ತದೆಯೆ? ಅಲ್ಲಿ ದಿಕ್ಕನ್ನು ಸೂಚಿಸುವ ಉಪಸರ್ಗಗಳು ಬಿಡಿ ಪದಗಳು; ‘ಫ್ರಮ್’ನ ಆದಿಯ ದಂತೋಷ್ಠ್ಯ ಧ್ವನಿಯೂ ಕೊನೆಯ ಓಷ್ಠ್ಯವೂ ಚೆನ್ನಾಗಿ ಕಾಣುತ್ತವೆ. ಆ ಮಟ್ಟಿಗೆ ಲಾಭವುಂಟು. ಆದರೆ ಬಹುವಚನದ ‘-ಸ್’ ಕೈತಪ್ಪುತ್ತದೆ. ಸಕಾರದ ಶಕ್ತಿಯ ಬಹುಪಾಲು ಸುಮಾರು 4000 ಹರ್ಟ್ಸ್‌ಗಿಂತ ಮೇಲಿದೆ, ಅನೇಕರ ಶ್ರವಣನಷ್ಟ ಅಲ್ಲಿಯೇ ಹೆಚ್ಚು. ಒಂದು ‘ಪೋಲ್’ ಇರುವ ವ್ಯವಸ್ಥೆಗೂ ಹಲವು ‘ಪೋಲ್ಸ್’ ಇರುವ ವ್ಯವಸ್ಥೆಗೂ ನಡುವಿನ ವ್ಯತ್ಯಾಸ ಆ ಒಂದು ಧ್ವನಿಯಲ್ಲಿದೆ.

4. ‘ಇದು’ ಎಂದರೆ ಯಾವುದು?

ಉದಾಹರಣೆಯ ವಾಕ್ಯದಲ್ಲಿ ಐದು ಸೂಚಕಪದಗಳಿವೆ: ಈ, ಆ, ಇದನ್ನ, ಇಲ್ಲಿ, ಇದು. ಎಂಜಿನಿಯರಿಂಗ್ ಪಾಠದ ಭಾಷಿಕ ಲಕ್ಷಣಗಳಲ್ಲಿ ಇದು ಬಹಳ ಮುಖ್ಯವಾದದ್ದೆಂದು ನಾವು ಭಾವಿಸುತ್ತೇವೆ. ಚರಿತ್ರೆಯ ಪಾಠದಲ್ಲಿ ವಸ್ತುಗಳು ಕಣ್ಣಮುಂದಿರುವುದಿಲ್ಲ, ಹೆಸರಿಟ್ಟೇ ಹೇಳಬೇಕು. ಇಲ್ಲಿ ಚಿತ್ರ ಹಲಗೆಯ ಮೇಲಿದೆ, ಉಪಕರಣ ಮೇಜಿನ ಮೇಲಿದೆ. ಬೆರಳು ತೋರಿಸಿದರೆ ಸಾಕು. ಡೀಕ್ಸಿಸ್ ಎಂದು ಭಾಷಾವಿಜ್ಞಾನ ಕರೆಯುವ ಈ ವ್ಯಾಪಾರ ನಡೆಯಲು ಪದವನ್ನು ಗ್ರಹಿಸುವುದೂ ಬೆರಳನ್ನು ನೋಡುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ಕೇಳುವವನಿಗೆ ಅದಕ್ಕೆ ಎರಡು ಮಾರ್ಗಗಳಿವೆ. ಕಿವುಡ ವಿದ್ಯಾರ್ಥಿಗೆ ತುಟಿ, ಬೆರಳು, ಹಲಗೆ, ದುಭಾಷಿಯ ಕೈ, ಆಸಿಲೋಸ್ಕೋಪಿನ ಪರದೆ, ತನ್ನದೇ ನೋಟ್‌ಪುಸ್ತಕ ಎಲ್ಲಕ್ಕೂ ಇರುವುದು ಒಂದೇ ಜೊತೆ ಕಣ್ಣು. ತುಟಿ ನೋಡಿದರೆ ‘ಇದು’ ಎಂದದ್ದು ಸಿಕ್ಕುತ್ತದೆ, ಯಾವುದೆಂಬುದು ಸಿಕ್ಕುವುದಿಲ್ಲ. ಬೆರಳು ನೋಡಿದರೆ ಯಾವುದೆಂದು ತಿಳಿಯುತ್ತದೆ, ಅದರ ಬಗ್ಗೆ ಏನು ಹೇಳಿದರೆಂಬುದು ತಿಳಿಯುವುದಿಲ್ಲ. ಅಧ್ಯಾಪಕರು ಹಲಗೆಯ ಕಡೆಗೆ ತಿರುಗಿ ಬರೆಯುತ್ತಾ ಮಾತಾಡಿದರೆ ಎರಡೂ ಇಲ್ಲ.

ನೇರ ಶೀರ್ಷಿಕೆ, ಅಂದರೆ ಮಾತು ಕೂಡಲೇ ಅಕ್ಷರವಾಗಿ ಪರದೆಯ ಮೇಲೆ ಬರುವ ವ್ಯವಸ್ಥೆ, ಇದಕ್ಕೆ ಪರಿಹಾರವೆಂದು ಮೇಲ್ನೋಟಕ್ಕೆ ತೋರುತ್ತದೆ. ಪ್ರತ್ಯಯಗಳ ಮಟ್ಟಿಗೆ ಅದು ನಿಜವಾದ ಪರಿಹಾರವೇ: ‘-ಗೆ’ಯನ್ನೂ ‘-ಇಂದ’ವನ್ನೂ ಅಕ್ಷರ ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಸೂಚಕಪದಗಳ ಮಟ್ಟಿಗೆ ಹಾಗಲ್ಲ. ಶೀರ್ಷಿಕೆ ಮಾತಿಗಿಂತ ಕೆಲವು ಕ್ಷಣ ತಡವಾಗಿ ಬರುತ್ತದೆ. ‘ಇದು ಜೀರೋ ಆಗತ್ತೆ’ ಎಂದು ಪರದೆ ತೋರಿಸುವ ಹೊತ್ತಿಗೆ ಬೆರಳು ಮಂಡಲದ ಬೇರೆ ಮೂಲೆಗೆ ಹೋಗಿರುತ್ತದೆ. ಹಾಗಾಗಿ ವಿದ್ಯಾರ್ಥಿ ಶೀರ್ಷಿಕೆಯನ್ನು ಚೆನ್ನಾಗಿ ಓದಿ, ತಪ್ಪು ಬಿಂದುವಿಗೆ ಸೊನ್ನೆಯನ್ನು ಹಚ್ಚಬಹುದು. ಅಮೆರಿಕದ ರಾಚೆಸ್ಟರಿನಲ್ಲಿರುವ ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ ರೂಪುಗೊಂಡ ಸಿ-ಪ್ರಿಂಟ್ ಎಂಬ ಪದ್ಧತಿ ಇಲ್ಲಿ ಗಮನಾರ್ಹ. 1965ರ ಕಾನೂನಿನಿಂದ ಸ್ಥಾಪಿತವಾಗಿ 1968ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಆ ಸಂಸ್ಥೆ, ಕೇಳುವವರ ತಾಂತ್ರಿಕ ವಿಶ್ವವಿದ್ಯಾಲಯವೊಂದರ ಅಂಗವಾಗಿಯೇ ಬೆಳೆದಿದೆ. ಸಿ-ಪ್ರಿಂಟ್‌ನಲ್ಲಿ ತರಬೇತಾದ ಲಿಪಿಕಾರರು ಪದಕ್ಕೆ ಪದವನ್ನಲ್ಲ, ಅರ್ಥಕ್ಕೆ ಅರ್ಥವನ್ನು ದಾಖಲಿಸುತ್ತಾರೆ. ಅರ್ಥವನ್ನು ದಾಖಲಿಸುವವರಿಗೆ ‘ಇದು’ ಎಂದದ್ದರ ಬದಲು ಆ ವಸ್ತುವಿನ ಹೆಸರನ್ನೇ ಬರೆಯುವ ಅವಕಾಶವಿದೆ. ಯಂತ್ರ ಮಾಡುವ ಲಿಪ್ಯಂತರಕ್ಕೆ ಬೆರಳು ಕಾಣುವುದಿಲ್ಲ.

ಖರ್ಚಿಲ್ಲದ ಒಂದು ಉಪಾಯವೂ ಇದೆ. ಹಲಗೆಯ ಮೇಲಿನ ಪ್ರತಿ ಬಿಂದುವಿಗೂ ಮೊದಲೇ ಎ, ಬಿ, ಸಿ ಎಂದು ಗುರುತು ಕೊಟ್ಟು, ‘ಇದನ್ನ ಇಲ್ಲಿ’ ಎನ್ನುವುದರ ಬದಲು ‘ಬಿ ಬಿಂದುವನ್ನು ಸಿ ಬಳಿ’ ಎನ್ನುವುದು. ಭಾಷಾವಿಜ್ಞಾನದ ಮಾತಿನಲ್ಲಿ, ಸೂಚಕಪದವನ್ನು ನಾಮಪದಕ್ಕೆ ಬದಲಾಯಿಸುವುದು. ಕೇಳಲು ಸುಲಭ, ರೂಢಿಸಿಕೊಳ್ಳುವುದು ಸುಲಭವಲ್ಲ. ನಾವು ಸ್ವತಃ ಪಾಠ ಮಾಡುವಾಗ ವಾಕ್ಯರಚನಾ ವೃಕ್ಷವನ್ನು ಹಲಗೆಯ ಮೇಲೆ ಬರೆದು ‘ಇದು ಇಲ್ಲಿಗೆ ಏರುತ್ತದೆ’ ಎನ್ನುವವರೇ.

5. ಅವಕಾಶವೇ ವ್ಯಾಕರಣವಾದಾಗ

ಸಂಜ್ಞಾಭಾಷೆಗಳು ಸ್ವತಂತ್ರ ರಚನೆಯುಳ್ಳ ಭಾಷೆಗಳೆಂಬುದನ್ನು ಹಸ್ತಾಕೃತಿ, ಸ್ಥಾನ, ಚಲನೆಗಳ ವಿಶ್ಲೇಷಣೆಯಿಂದ ವಿಲಿಯಂ ಸ್ಟೋಕೋ 1960ರಲ್ಲಿ ತೋರಿಸಿಕೊಟ್ಟರು. ಭಾರತೀಯ ಸಂಜ್ಞಾಭಾಷೆಯ ಮೇಲೆ ಸ್ವತಃ ಕಿವುಡರಾದ ಮದನ್ ವಶಿಷ್ಠ ಹಾಗೂ ಜೇಮ್ಸ್ ವುಡ್‌ವರ್ಡ್ ಮೊದಲಾದವರು 1970ರ ದಶಕದ ಕೊನೆಯಿಂದ ಕೆಲಸ ಮಾಡಿದರು. ದೆಹಲಿ, ಮುಂಬೈ, ಕೋಲ್ಕತ್ತಗಳ ಜೊತೆಗೆ ಬೆಂಗಳೂರಿನ ಪ್ರಭೇದವೂ ಆ ಅಧ್ಯಯನದ ಭಾಗವಾಗಿತ್ತು. ಪ್ರದೇಶದಿಂದ ಪ್ರದೇಶಕ್ಕೆ ಪದಕೋಶ ಬದಲಾಗುತ್ತದೆ, ವ್ಯಾಕರಣ ಅಷ್ಟಾಗಿ ಬದಲಾಗುವುದಿಲ್ಲ ಎಂಬ ಅಭಿಪ್ರಾಯ ನಂತರದ ಅಧ್ಯಯನಗಳಲ್ಲೂ ಕಾಣುತ್ತದೆ.

ಆ ವ್ಯಾಕರಣವೇ ನಮಗೆ ಇಲ್ಲಿ ಬೇಕಾದದ್ದು. ಕನ್ನಡ ವಿಭಕ್ತಿಯಿಂದ ಹೇಳುವ ದಿಕ್ಕನ್ನು ಸಂಜ್ಞಾಭಾಷೆ ಅವಕಾಶದಲ್ಲಿ ಹೇಳುತ್ತದೆ. ಎದುರಿಗೆ ಎರಡು ಬಿಂದುಗಳನ್ನು ಸ್ಥಾಪಿಸಿ, ಕೈ ಒಂದರಿಂದ ಇನ್ನೊಂದಕ್ಕೆ ಚಲಿಸಿದರೆ ‘-ಇಂದ’ವೂ ‘-ಗೆ’ಯೂ ಒಮ್ಮೆಗೇ ಮುಗಿಯಿತು. ವಸ್ತುವಿನ ಆಕಾರವನ್ನು ಹಿಡಿದಿಡುವ ವರ್ಗಸೂಚಕ ಹಸ್ತಾಕೃತಿಗಳಿಂದ ಎರಡು ಗಿಯರುಗಳು ಹಲ್ಲಿಗೆ ಹಲ್ಲು ಕೂಡಿ ವಿರುದ್ಧ ದಿಕ್ಕಿನಲ್ಲಿ ತಿರುಗುವುದನ್ನು ಒಂದೇ ಸಂಜ್ಞಾವಾಕ್ಯದಲ್ಲಿ ತೋರಿಸಬಹುದು; ಮಾತಿನಲ್ಲಿ ಅದಕ್ಕೆ ಎರಡು ಮೂರು ಉಪವಾಕ್ಯಗಳು ಬೇಕು. ತಾಂತ್ರಿಕ ವಿಷಯಕ್ಕೆ ಸಂಜ್ಞಾಭಾಷೆ ಸಾಲದು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಸಾಲದಿರುವುದು ಪದಕೋಶ, ವ್ಯಾಕರಣ ಈ ವಿಷಯಕ್ಕೆ ಮಾತಿಗಿಂತ ಹೆಚ್ಚು ಒಗ್ಗುತ್ತದೆ. ಎರಡನ್ನೂ ಬೆರೆಸಿ ಮಾತಾಡುವುದರಿಂದ ತೊಂದರೆಯಾಗಿದೆ.

ಗಣಿತದ ಒಂದು ಉದಾಹರಣೆ ಇದನ್ನು ಸ್ಪಷ್ಟಗೊಳಿಸೀತು. ‘ಎ ಬೈ ಬಿ ಪ್ಲಸ್ ಸಿ’ ಎಂದು ಅಧ್ಯಾಪಕರು ಓದುತ್ತಾರೆ. ಎ 12, ಬಿ 2, ಸಿ 4 ಎಂದಿಟ್ಟುಕೊಂಡರೆ ಒಂದು ಓದಿನಲ್ಲಿ ಉತ್ತರ 10, ಇನ್ನೊಂದರಲ್ಲಿ 2. ಕೇಳುವ ವಿದ್ಯಾರ್ಥಿ ಹಲಗೆಯತ್ತ ನೋಡಿ ಸಂದಿಗ್ಧವನ್ನು ಬಗೆಹರಿಸಿಕೊಳ್ಳುತ್ತಾನೆ, ಸಂದಿಗ್ಧವಿತ್ತೆಂದೂ ಅವನಿಗೆ ತಿಳಿಯದು. ದುಭಾಷಿಯ ಸ್ಥಿತಿ ಬೇರೆ. ವಿದ್ಯಾರ್ಥಿಯತ್ತ ಮುಖಮಾಡಿ ನಿಂತ ಅವರಿಗೆ ಹಲಗೆ ಬೆನ್ನ ಹಿಂದಿದೆ. ಸಂಜ್ಞೆಯಲ್ಲಿ ಭಿನ್ನರಾಶಿಯ ಗೆರೆಯನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಅವಕಾಶದಲ್ಲಿ ತೋರಿಸಲೇಬೇಕಾಗುತ್ತದೆ. ಆಡುಮಾತು ಮುಚ್ಚಿಟ್ಟ ನಿರ್ಧಾರವನ್ನು ಸಂಜ್ಞೆ ಬಿಚ್ಚಲೇಬೇಕು. ದುಭಾಷಿಗೆ ವಿಷಯ ತಿಳಿಯದಿದ್ದರೆ ಸ್ಪಷ್ಟವಾದ, ಆದರೆ ತಪ್ಪಾದ ಭಿನ್ನರಾಶಿ ವಿದ್ಯಾರ್ಥಿಗೆ ಸಿಕ್ಕುತ್ತದೆ.

ಪದಕೋಶದ ಕೊರತೆಯನ್ನು ಸದ್ಯಕ್ಕೆ ತುಂಬುತ್ತಿರುವುದು ಬೆರಳಕ್ಷರ. ‘ಕೆಪ್ಯಾಸಿಟೆನ್ಸ್’ ಎಂಬುದಕ್ಕೆ 11 ರೋಮನ್ ಅಕ್ಷರ, ‘ಇಂಪೀಡೆನ್ಸ್’ಗೆ 9. ಭಾರತೀಯ ಸಂಜ್ಞಾಭಾಷೆಯ ಬೆರಳಕ್ಷರಗಳಲ್ಲಿ ಬಹುಪಾಲಿಗೆ ಎರಡೂ ಕೈ ಬೇಕು, ಅಮೆರಿಕನ್ ಪದ್ಧತಿಯಲ್ಲಿ ಒಂದೇ ಕೈ ಸಾಕು. ವ್ಯತ್ಯಾಸ ಸಣ್ಣದೆನ್ನಿಸಬಹುದು; ಆದರೆ ಒಂದು ಕೈ ಬಿಡುವಾಗಿದ್ದರೆ ಅದು ಮಂಡಲದ ಬಿಂದುವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಪ್ರಯೋಗಾಲಯದಲ್ಲಿ ಎರಡೂ ಕೈಯಲ್ಲಿ ಮಲ್ಟಿಮೀಟರಿನ ಪ್ರೋಬ್ ಹಿಡಿದ ವಿದ್ಯಾರ್ಥಿ ಬೆರಳಕ್ಷರದಲ್ಲಿ ಪ್ರಶ್ನೆ ಕೇಳಬೇಕಾದರೆ ಅಳತೆಯನ್ನು ಬಿಟ್ಟೇ ಕೇಳಬೇಕು. ಇಂಗ್ಲಿಷ್ ಪದದ ಮೊದಲ ಅಕ್ಷರವನ್ನೇ ಸಂಜ್ಞೆಯ ಹಸ್ತಾಕೃತಿಯಾಗಿಸುವ ಇನ್ನೊಂದು ದಾರಿಯಿದೆ. ವಿದ್ಯುತ್ ವಿಷಯದಲ್ಲಿ ಅದು ಬೇಗನೆ ಮುಗ್ಗರಿಸುತ್ತದೆ: ಚಾರ್ಜ್, ಕರೆಂಟ್, ಕೆಪ್ಯಾಸಿಟೆನ್ಸ್, ಕಂಡಕ್ಟೆನ್ಸ್, ಕೂಲಂಬ್ ಎಲ್ಲದರ ಮೊದಲಕ್ಷರವೂ ಇಂಗ್ಲಿಷಿನಲ್ಲಿ ಒಂದೇ.

ಅರ್ಥದ ಕಡೆಯಿಂದ ಬರುವ ತೊಡಕು ಕನ್ನಡದ ಪರಿಭಾಷಾಕಾರರಿಗೆ ಹಳೆಯ ಪರಿಚಯ. ‘ಫೀಲ್ಡ್’ ಎಂಬುದಕ್ಕೆ ಹೊಲದ ಸಂಜ್ಞೆ ಬಳಸಿದರೆ ಕಾಂತಕ್ಷೇತ್ರದಲ್ಲಿ ಬೆಳೆ ಬೆಳೆಯಬೇಕಾಗುತ್ತದೆ. ಸ್ಟ್ರೆಸ್, ಸ್ಟ್ರೇನ್, ಪ್ರೆಷರ್ ಮೂರಕ್ಕೂ ದಿನಬಳಕೆಯ ಕನ್ನಡ ‘ಒತ್ತಡ’ವೆಂದು ಮುಗಿಸುತ್ತದೆ; ದುಭಾಷಿ ಮನಸ್ಸಿನ ಒತ್ತಡದ ಸಂಜ್ಞೆಯನ್ನು ತಂದರೆ ಉಕ್ಕಿನ ತೊಲೆಗೆ ಚಿಂತೆ ಹತ್ತಿದಂತಾಗುತ್ತದೆ. ಎಡಿನ್‌ಬರೋದ ಸ್ಕಾಟಿಷ್ ಸೆನ್ಸರಿ ಸೆಂಟರ್ ಬ್ರಿಟಿಷ್ ಸಂಜ್ಞಾಭಾಷೆಯಲ್ಲಿ ವಿಜ್ಞಾನದ ಪರಿಭಾಷೆಯನ್ನು ರೂಪಿಸಿದಾಗ, ಕಿವುಡ ವಿಜ್ಞಾನಿಗಳನ್ನೂ ಅಧ್ಯಾಪಕರನ್ನೂ ಒಟ್ಟಿಗೆ ಕೂರಿಸಿ, ಸಂಬಂಧಿಸಿದ ಪರಿಕಲ್ಪನೆಗಳಿಗೆ ಸಂಬಂಧಿಸಿದ ಸಂಜ್ಞೆಗಳನ್ನು ಕೊಡುವ ದಾರಿ ಹಿಡಿಯಿತು. ದ್ರವ್ಯರಾಶಿ ಮತ್ತು ತೂಕಗಳ ನಂಟು ಕೈಯಲ್ಲೇ ಕಾಣಬೇಕೆಂಬ ತತ್ವ ಅದು. ಒಂದೇ ಧಾತುವಿನಿಂದ ಹಲವು ಪದ ಹೊಸೆಯುವ ನಮ್ಮ ಪದ್ಧತಿಗೆ ಇದು ದೂರದ್ದಲ್ಲ.

6. ಡೆಸಿಬೆಲ್, ಶಾಸನ, ವೈವಾ

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ, ಮಾತಿನ ಆವರ್ತಾಂಕಗಳಲ್ಲಿ ಎರಡೂ ಕಿವಿಗಳಿಗೆ 70 ಡೆಸಿಬೆಲ್ ನಷ್ಟವಿದ್ದವರನ್ನು ಕಿವುಡರೆಂದೂ 60ರಿಂದ 70 ಡೆಸಿಬೆಲ್ ನಷ್ಟವಿದ್ದವರನ್ನು ಮಂದಶ್ರವಣದವರೆಂದೂ ನಿರೂಪಿಸುತ್ತದೆ. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಿಗದಿತ ಪ್ರಮಾಣದ ವೈಕಲ್ಯವುಳ್ಳವರಿಗೆ ಶೇ. 5ಕ್ಕೆ ಕಡಿಮೆಯಿಲ್ಲದ ಮೀಸಲಾತಿಯನ್ನು ಅದೇ ಅಧಿನಿಯಮ ವಿಧಿಸುತ್ತದೆ. ಪ್ರವೇಶದ ಬಾಗಿಲು ಹೀಗೆ ಡೆಸಿಬೆಲಿನಿಂದ ತೆರೆಯುತ್ತದೆ. ಒಳಗಿನ ವ್ಯವಹಾರ ಡೆಸಿಬೆಲಿನದಲ್ಲ. ಒಂದೇ ಪ್ರಮಾಣಪತ್ರವುಳ್ಳ ಇಬ್ಬರಲ್ಲಿ ಒಬ್ಬರು ಬಾಲ್ಯದಿಂದ ಸಂಜ್ಞೆಯಾಡುವವರಿರಬಹುದು, ಇನ್ನೊಬ್ಬರು ಸಂಜ್ಞೆಯನ್ನೇ ಅರಿಯದೆ ಕನ್ನಡದ ತುಟಿಯೋದಿನಲ್ಲಿ ಬೆಳೆದವರಿರಬಹುದು. ಒಬ್ಬರಿಗೆ ದುಭಾಷಿ ಬೇಕು. ಇನ್ನೊಬ್ಬರಿಗೆ ದುಭಾಷಿಯಿಂದ ಏನೂ ಸಿಕ್ಕದು, ಶೀರ್ಷಿಕೆ ಬೇಕು. ಈ ಭೇದವನ್ನು ಗುರುತಿಸುವುದು ಶ್ರವಣಮಾಪನದ ಕೆಲಸವಲ್ಲ, ಭಾಷಾವಿಜ್ಞಾನದ ಕೆಲಸ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ವಿಶೇಷಚೇತನರಿಗಾಗಿಯೇ ಇರುವ ಜೆಎಸ್‌ಎಸ್ ಪಾಲಿಟೆಕ್ನಿಕ್ ಕೂಡ ಮೈಸೂರಿನಲ್ಲೇ ಇರುವಾಗ, ಈ ವಿಷಯದ ಮೇಲೆ ಕನ್ನಡ ಭಾಷಾವಿಜ್ಞಾನ ಇಷ್ಟು ಕಡಿಮೆ ಬರೆದಿರುವುದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಇದರ ಪರಿಣಾಮ ಢಾಳಾಗಿ ಕಾಣುವುದು ಪ್ರಯೋಗಾಲಯದ ವೈವಾದಲ್ಲಿ. ಪರೀಕ್ಷಕರು ‘ಲೋಡ್ ವೋಲ್ಟೇಜ್ ಎಷ್ಟು?’ ಎಂದು ಕೇಳುತ್ತಾರೆಂದು ಭಾವಿಸೋಣ. ವಿದ್ಯಾರ್ಥಿ ‘ನೋಡ್ ವೋಲ್ಟೇಜ್’ ಎಂದು ಗ್ರಹಿಸಿ ಅದಕ್ಕೆ ಸರಿಯಾದ ಉತ್ತರ ಕೊಡುತ್ತಾನೆ. ಕೇಳಿದ ಪ್ರಶ್ನೆಗೆ ಆ ಉತ್ತರ ತಪ್ಪು. ಮೂಲಭೂತ ಪರಿಕಲ್ಪನೆ ತಿಳಿದಿಲ್ಲವೆಂಬ ಷರಾ ಬೀಳುತ್ತದೆ. ತಪ್ಪು ಇದ್ದದ್ದು ಆದಿವ್ಯಂಜನದಲ್ಲಿ. ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಆ ತಪ್ಪಿಗೆ ಆಸ್ಪದವಿರುತ್ತಿರಲಿಲ್ಲ. ಬರೆವಣಿಗೆಯ ಪರೀಕ್ಷೆಗೆ ಹೆಚ್ಚುವರಿ ಸಮಯದ ನಿಯಮಗಳಿವೆ. ಮೌಖಿಕ ಪರೀಕ್ಷೆಯ ಪ್ರಶ್ನೆ ಯಾವ ಮಾಧ್ಯಮದಲ್ಲಿರಬೇಕು ಎಂಬುದನ್ನು ಅಷ್ಟೇ ಗಂಭೀರವಾಗಿ ಎತ್ತಿಕೊಳ್ಳುವ ಅಗತ್ಯವಿದೆ.

ಪದಕೋಶದ ವಿಷಯದಲ್ಲಿ ಕೆಲಸ ನಡೆದಿದೆ. 2015ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರದ ನಿಘಂಟು 2018ರಲ್ಲಿ 3000 ಪದಗಳಿಂದ ಆರಂಭವಾಗಿ 2021ರ ಆವೃತ್ತಿಯಲ್ಲಿ 10,000ಕ್ಕೆ ಏರಿತು. ತಾಂತ್ರಿಕ ಪದಗಳೂ ಅದರಲ್ಲಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಂಜ್ಞಾಭಾಷೆಯನ್ನು ದೇಶಾದ್ಯಂತ ಏಕರೂಪಗೊಳಿಸುವ ಮಾತಾಡುತ್ತದೆ. ಏಕರೂಪತೆಯ ಬಗ್ಗೆ ನಮಗೆ ಎಚ್ಚರಿಕೆಯಿದೆ. ಬೆಂಗಳೂರಿನ ಪ್ರಭೇದ ದಾಖಲಾಗಿ ದಶಕಗಳೇ ಕಳೆದಿವೆ, ಅದನ್ನು ದೆಹಲಿಯ ರೂಪದ ಅಪಭ್ರಂಶವೆಂದು ಕಾಣುವ ಅಪಾಯ ನಿಜವಾದದ್ದು. ಆದರೆ ಅದಕ್ಕಿಂತ ತುರ್ತಾದ ನಷ್ಟ ಇನ್ನೊಂದಿದೆ. ನಿಘಂಟಿನಲ್ಲಿ ಇಲ್ಲದ ಪದ ಬಂದಾಗ ದುಭಾಷಿಯೂ ವಿದ್ಯಾರ್ಥಿಯೂ ಕೂಡಿ ಆ ಹೊತ್ತಿಗೊಂದು ಸಂಜ್ಞೆ ಮಾಡಿಕೊಳ್ಳುತ್ತಾರೆ. ಮೊದಲ ವಾರ ಬೆರಳಕ್ಷರ, ಎರಡನೆಯ ವಾರ ಅದರ ಸಂಕ್ಷಿಪ್ತ ರೂಪ, ತಿಂಗಳಲ್ಲಿ ಹಸ್ತಾಕೃತಿಯೂ ಚಲನೆಯೂ ನಿಂತ ಪೂರ್ಣ ಪದ: ಭಾಷಾವಿಜ್ಞಾನಿಗೆ ಕಣ್ಣೆದುರಿಗೇ ಪದಜನ್ಮ ಕಾಣುವ ಅಪರೂಪದ ಸಂದರ್ಭ. ಸೆಮಿಸ್ಟರ್ ಮುಗಿದಾಗ ಆ ಪದವೂ ಮುಗಿಯುತ್ತದೆ. ಮುಂದಿನ ವರ್ಷ ಬರುವ ವಿದ್ಯಾರ್ಥಿ ‘ಇಂಪೀಡೆನ್ಸ್’ನ 9 ಅಕ್ಷರಗಳಿಂದಲೇ ಮತ್ತೆ ಆರಂಭಿಸುತ್ತಾನೆ.

ಈ ತಾತ್ಕಾಲಿಕ ಸಂಜ್ಞೆಗಳನ್ನು ವಿದ್ಯಾರ್ಥಿಗಳ ಒಪ್ಪಿಗೆಯಿಂದ ವಿಡಿಯೊದಲ್ಲಿ ದಾಖಲಿಸಲು ದೊಡ್ಡ ಯೋಜನೆ ಬೇಕಿಲ್ಲ. ಪ್ರತಿ ದಾಖಲೆಯ ಜೊತೆಗೆ ಪದ, ವಿಷಯ, ಬಳಸಿದವರ ಊರಿನ ಪ್ರಭೇದ, ಸಂಜ್ಞೆ ಬೆರಳಕ್ಷರದಿಂದ ಬಂತೋ ಆಕಾರದಿಂದ ಬಂತೋ ಎಂಬ ಟಿಪ್ಪಣಿ ಇದ್ದರೆ ಸಾಕು. ಯಾವ ಸಂಜ್ಞೆ ಎರಡನೆಯ ವರ್ಷದ ವಿದ್ಯಾರ್ಥಿಗಳ ಕೈಯಲ್ಲೂ ಉಳಿಯಿತು ಎಂಬುದು ಸಮಿತಿಯ ಮತದಾನಕ್ಕಿಂತ ನಂಬಿಕೆಗೆ ಅರ್ಹವಾದ ಆಯ್ಕೆ. ಅಂಥ ದಾಖಲೆಯನ್ನು ಮೊದಲು ನೋಡಬೇಕಾದವರು ಪದವಿ ಮುಗಿಸಿ ಕೆಲಸದಲ್ಲಿರುವ ಕಿವುಡ ಎಂಜಿನಿಯರುಗಳು. ಯಾವ ಸಂಜ್ಞೆ ಹಲಗೆಯ ಮುಂದೆ ಸರಿಯಾಗಿದ್ದು ಯಂತ್ರದ ಮುಂದೆ ಸೋಲುತ್ತದೆಂಬುದು ಅವರಿಗೆ ಗೊತ್ತಿರುತ್ತದೆ.